ಒಂದೇ ಸಲ ಹೇಳುವ ದರ

ಬಣ್ಣದ ವಾಸನೆ, ಕಿಟಕಿ ಮುಚ್ಚಿದರೆ ಸೆಖೆ, ತೆರೆದರೆ ಇದು, ಅಮ್ಮನಿಗೆ ಕೆಮ್ಮು, ಹೊರಗೆ ಏಣಿಯ ಮೇಲೆ ನಿಂತವನು ಶಿಳ್ಳೆ ಹಾಕುತ್ತ ಗೋಡೆಗೆ ಹಳದಿ ಬಳಿಯುತ್ತಿದ್ದಾನೆ, ವರ್ಷಗಟ್ಟಲೆ ಸುಣ್ಣ ಕಾಣದ ಮನೆಗೆ ಈಗೇಕೆ ಬಣ್ಣ ಅಂತ ಈ ಅವ್ಕಾ ಊರಲ್ಲಿ ಯಾರೂ ಕೇಳುವುದಿಲ್ಲ, ಮುದುಕಿ ಹಾಸಿಗೆ ಹಿಡಿದ ಮನೆಗೆ ಬಣ್ಣ ಬಂತೆಂದರೆ ಸಾವಿನ ದಿನದ ಶಾಮಿಯಾನದವನಿಗೂ ಮುಂಗಡ ಹೋಗಿದೆ ಎಂದೇ ಅರ್ಥ — ಒಂದು ಕೈ ಭುಜದ ಕೆಳಗೆ, ಒಂದು ಕೈ ಸೊಂಟದ ಕೆಳಗೆ, ಅಮ್ಮಾ, ಬಲಕ್ಕೆ ತಿರುಗೋಣ, ಹಾಂ ಅಷ್ಟೇ, ಸತ್ತಂತಿರುವ ಬಲಗೈಗೆ ದಿಂಬು, ಜೀವವಿರುವ ಎಡಗೈ ಮೇಲೆ, ಬೆನ್ನ ಮೇಲೆ ಒಂದು ಕೆಂಪು ಕಲೆಯಿಲ್ಲ, ನರ್ಸಾಗಿ ಬಂದು ಆರು ತಿಂಗಳಾಯಿತು, ಒಂದು ಹುಣ್ಣಾಗಲು ಬಿಟ್ಟಿಲ್ಲ ನಾನು, ಇದನ್ನು ನೋಡಲು ಆ ಹಜಾರದಿಂದ ಯಾರಾದರೂ ಎದ್ದು ಬಂದಿದ್ದರೆ ಹೇಳಿ. ಹಾಸಿಗೆಯ ಮೇಲೆ ಇದೇನು, ನೀಲಿ ಲೇಸಿನ ತುಂಡು, ಬೆಳಿಗ್ಗೆ ಇವರ ಮಗಳು ಒಗೊ ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಇಲ್ಲೇ ಮರೆತು ಹೋಗಿದ್ದಾಳೆ, ಮಣ್ಣು ಮಾಡುವ ದಿನ ಮನೆಮಂದಿಯೆಲ್ಲ ಒಂದೇ ಬಟ್ಟೆಯಲ್ಲಿ ನಿಲ್ಲಬೇಕಲ್ಲ, ತಾಯಿಯ ಕಾಲ ಮೇಲೇ ಇಟ್ಟು ನೋಡಿದಳು, ಅದನ್ನೆತ್ತಿ ಪಕ್ಕದ ಸ್ಟೂಲಿನ ಮೇಲೆ ಎಸೆದೆ.

ನಡುವೆ ಬಾಗಿಲಿಲ್ಲ, ಪರದೆ ಮಾತ್ರ, ಹಜಾರದಲ್ಲಿ ನನ್ನ ದರದ ಪಂಚಾಯ್ತಿ ಕೂತಿದೆ, ಪ್ರತಿ ಮಾತೂ ಕೇಳಿಸುತ್ತದೆ, ನನಗೂ, ಅಮ್ಮನಿಗೂ, ಮಾತು ಹೋದವಳಿಗೆ ಕಿವಿಯೂ ಹೋಗಿದೆ ಎಂದುಕೊಂಡಿದ್ದಾರೆ ಇವರು. ದಿನಕ್ಕೆ ಹದಿನೈದು ಸಾವಿರ ನೈರಾ ಎಂದು ಏಜೆನ್ಸಿಯವರು ಹೇಳಿದಾಗ ಇದೇ ಹಿರಿಮಗ ಚಿಕೆಲು ತಲೆಯಾಡಿಸಿ ರಸೀದಿ ಕೇಳಿದ್ದ, ಅಷ್ಟೆ, ಅದರಲ್ಲಿ ನನ್ನ ಕೈಗೆ ಬರುತ್ತಿದ್ದದ್ದು ಏಳು, ಉಳಿದ ಎಂಟು ಯಾರ ಬೆನ್ನು ಒರೆಸಿತು, ಯಾರ ಚಾದರ ಬದಲಿಸಿತು, ಕೇಳಿದವರುಂಟೇ, ಈಗ ಆ ಏಜೆನ್ಸಿ ಬಾಗಿಲು ಹಾಕಿತು, ನಾನು ಯಾರ ಕೈಕೆಳಗೂ ಇಲ್ಲ, ಲೈಸೆನ್ಸು ನನ್ನದು, ಗ್ಲೌಸು ನನ್ನದು, ಬಿಪಿ ನೋಡುವ ಯಂತ್ರ ನನ್ನದು, ಜ್ವರ ಬಂದು ಮಲಗಿದರೆ ಆ ದಿನದ ಸಂಬಳವಿಲ್ಲದ ಕಷ್ಟವೂ ನನ್ನದೇ, ಅದೇ ಹದಿನೈದನ್ನು ನಾನು ಕೇಳಿದರೆ ಎಲ್ಲರಿಗೂ ಹೊಟ್ಟೆನೋವು. ಎಂಟು ಸಾಕಪ್ಪ, ಆಫೀಸಿಲ್ಲ, ಬೋರ್ಡಿಲ್ಲ, ಅವಳಿಗ್ಯಾಕೆ ಹದಿನೈದು — ಇದು ಚಿಕೆಲುವಿನ ಚಿಕ್ಕಪ್ಪ, ಬರುವಾಗಲೆಲ್ಲ ಎರಡು ಬಾಟಲಿ ಬಿಯರ್ ಮುಗಿಸುವವರೆಗೆ ಏಳದ ಮನುಷ್ಯ, ಪಕ್ಕೆ ಹೊರಳ್ಸೋಕೆ ಓದು ಬೇಕಾ, ನಮ್ಮ ಕೆಲಸದ ಹುಡುಗೀನೇ ಮಾಡ್ತಾಳೆ. ಮಾಡಲಿ, ಮೂಗಿನ ನಳಿಕೆ ಹೊಟ್ಟೆಗೆ ಹೋಗಿದೆಯೋ ಶ್ವಾಸನಾಳಕ್ಕೆ ಹೋಗಿದೆಯೋ ಎಂದು ಆ ಹುಡುಗಿ ನೋಡಲಿ, ಗಂಜಿ ಶ್ವಾಸಕೋಶಕ್ಕೆ ಇಳಿದರೆ ಶಾಮಿಯಾನ ಬೇಗ ಬರುತ್ತದೆ, ಅದೂ ಒಂದು ಉಳಿತಾಯವೇ. ಏಜೆನ್ಸಿ ಇದ್ದಾಗ ನನ್ನನ್ನು ನೀವು ಎನ್ನುತ್ತಿದ್ದ ಚಿಕೆಲು, ಸಿಸ್ಟರ್ ಕೂತ್ಕೊಳ್ಳಿ, ಸಿಸ್ಟರ್ ಊಟ ಆಯ್ತಾ, ಏಜೆನ್ಸಿ ಹೋದ ದಿನವೇ ನೀನು ಆದೆ, ಉಜೋಮ, ನೀನು ಈ ಮನೆ ಮಗಳಿದ್ದಂಗೆ, ಮಗಳೆಂದ ಕೂಡಲೇ ಸಂಬಳ ಅರ್ಧ, ಹಾಗಾದರೆ ಹೊಟ್ಟೆಯಲ್ಲಿ ಹುಟ್ಟಿದ ಒಗೊ ಒಂದು ರಾತ್ರಿಯಾದರೂ ಇಲ್ಲಿ ಕೂತಿದ್ದಾಳಾ.

ದರ ಒಂದೇ ಸಲ ಹೇಳ್ಬೇಕು ಕಣೇ, ಅಂದವರು ಈ ಅಮ್ಮನೇ, ಎರಡನೇ ಸಲ ಲಕ್ವ ಹೊಡೆಯುವ ಮುಂಚೆ, ನಾಲಿಗೆ ಇನ್ನೂ ಅರ್ಧ ತಿರುಗುತ್ತಿದ್ದಾಗ, ಮೂವತ್ತು ವರ್ಷ ಒನಿಚಾ ಪೇಟೆಯಲ್ಲಿ ಬಟ್ಟೆ ಮಾರಿದವರು, ಒಂದ್ಸಲ ಹೇಳು, ಆಮೇಲೆ ಬಾಯಿ ಮುಚ್ಕೊಂಡಿರು, ಮೊದ್ಲು ಮಾತಾಡಿದೋರು ಸೋತ್ರು ಅಂತ್ಲೇ ತಿಳ್ಕೊ, ನೀನೋ, ಏಳು ಸಾವಿರಕ್ಕೆ ನಕ್ಕೊಂಡು ಬರ್ತೀಯ, ಪೆದ್ದಿ. ಬಟ್ಟೆಯನ್ನು ಕಣ್ಣಿಂದ ನೋಡುತ್ತಿರಲಿಲ್ಲವಂತೆ ಅವರು, ಕಣ್ಣು ಮುಚ್ಚಿ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಉಜ್ಜುವುದು, ಒಳ್ಳೆಯದಾದರೆ ಕಂಕುಳಿಗೆ, ಕೆಟ್ಟದ್ದಾದರೆ ಐದೂ ಬೆರಳು ಅಗಲಿಸಿ ಬಿಟ್ಟುಬಿಡುವುದು, ಒದ್ದೆಯಾದದ್ದೇನೋ ಮುಟ್ಟಿದ ಹಾಗೆ, ನನ್ನ ಯೂನಿಫಾರ್ಮಿನ ಸೆರಗು — ಅದಕ್ಕೆ ಸೆರಗೆಲ್ಲಿ, ಅಂಚು — ಹಿಡಿದು ಉಜ್ಜಿ ಹಾಗೇ ಬಿಟ್ಟಿದ್ದರು, ಥೂ, ಪಾಲಿಸ್ಟರು, ಇಬ್ಬರೂ ನಕ್ಕಿದ್ದೆವು. ಆಗ ಈ ಕೋಣೆಯಲ್ಲಿ ನಗು ಇತ್ತು.

ಉಜೋಮ, ಬಾ ಇಲ್ಲಿ. ಹೋದೆ, ಯಾರೂ ಕೂರು ಎನ್ನಲಿಲ್ಲ, ಮೇಜಿನ ಮೇಲೆ ಲೇಸಿನ ತುಂಡುಗಳು, ನೀಲಿ, ಬೆಳ್ಳಿ, ನೇರಳೆ, ನೀಲಿಯದು ಗಜಕ್ಕೆ ಇಪ್ಪತ್ತು ಸಾವಿರ ಅಂತೆ, ಅದಕ್ಕೆ ಯಾರೂ ಗೊಣಗಲಿಲ್ಲ, ತಲೆಗೆ ಐದು ಗಜ ಎಂದು ಒಗೊ ಹೇಳಿದರೆ ಆರಿರಲಿ ಎಂದರು ಚಿಕ್ಕಪ್ಪ. ಏನಂತೀಯ, ಚಿಕೆಲು ಕೇಳಿದ. ಹದಿನೈದು ಸಾವಿರ ಅಂದೆ. ಬಾಯಿ ಮುಚ್ಚಿದೆ. ಹತ್ತು, ಚಿಕೆಲು ಅಂದ. ಊಟ ಇಲ್ಲೇ ತಾನೇ, ಗೆಣಸಿನ ಮುದ್ದೆ, ಬೆಂಡೆ ಸಾರು, ಅದರ ಲೆಕ್ಕ ಯಾರು ಹಾಕ್ತಾರೆ, ಅಂದಳು ಒಗೊ. ಹನ್ನೆರಡು ನೋಡು, ಕೊನೇ ಮಾತು, ಚಿಕೆಲು ಅಂದ. ನಾಲಿಗೆಯ ತುದಿಗೆ ಬಂದದ್ದು ಎಷ್ಟೊಂದು, ಬದುಕಿರುವವಳ ಮೈ ಒರೆಸುವುದಕ್ಕಿಂತ ಹೆಣದ ಮುಂದೆ ಉಡುವ ಬಟ್ಟೆ ದುಬಾರಿಯಾ, ಎನ್ನಬೇಕಿತ್ತು, ನುಂಗಿದೆ. ದುಡ್ಡಿನ ದುರಾಸೆ ನಿಂಗೆ, ನರ್ಸ್ ಕೆಲಸ ಅಂದ್ರೆ ಸೇವೆ ಕಣಮ್ಮ, ಅಂದರು ಚಿಕ್ಕಪ್ಪ, ಗ್ಲಾಸು ತುಂಬಿಸಿಕೊಳ್ಳುತ್ತ. ಬ್ಯಾಗು ತಗೊಂಡು ಹೊರಟೆ ಅಂತ ತಿಳಿಯಿರಿ ಎಂದು ಹೇಳದೆಯೇ ತಿರುಗಿ ಒಳಗೆ ಬಂದೆ.

ಬ್ಯಾಗಿಗೆ ಬಿಪಿ ಯಂತ್ರ, ಗ್ಲೌಸು, ಕತ್ತರಿ, ಹೋಗಲೇಬೇಕು, ಈ ಸಲ ಬಗ್ಗಿದರೆ ಮುಂದಿನ ಮನೆಯಲ್ಲೂ ಎಂಟೇ, ಅದರ ಮುಂದಿನ ಮನೆಯಲ್ಲಿ ಆರು, ಊರಲ್ಲಿ ಸುದ್ದಿ ಹರಡುತ್ತದೆ, ಆದರೆ ಸಂಜೆ ಇವರನ್ನು ಎಡಕ್ಕೆ ತಿರುಗಿಸುವವರು ಯಾರು, ನಾಳೆ ಈ ಬೆನ್ನು — ಅಮ್ಮನಿಗೆ ಹೇಳಿ ಹೋಗೋಣವೆಂದು ತಿರುಗಿದರೆ ಎಡಗೈ ಸ್ಟೂಲಿನ ಮೇಲಿದೆ, ಆ ಕಡೆಗೆ ಮುಖ ಮಾಡಿಸಿದವಳು ನಾನೇ, ನೀಲಿ ಲೇಸು ಹೆಬ್ಬೆರಳು ತೋರುಬೆರಳ ನಡುವೆ, ಅವರ ಕಣ್ಣು ಮುಚ್ಚಿದೆ, ಉಜ್ಜುತ್ತಿದ್ದಾರೆ, ಮೆಲ್ಲಗೆ, ಪೇಟೆಯಲ್ಲಿ ಕೂತ ಹಾಗೆ, ಅದು ಯಾವ ದಿನದ ಬಟ್ಟೆಯೆಂದು ಅವರಿಗೆ ಗೊತ್ತು, ಆ ಮುಖ ನೋಡಿದರೆ ಯಾರಿಗೂ ತಿಳಿಯುತ್ತದೆ. ಪರದೆ ಸರಿಯಿತು, ಹನ್ನೆರಡೂವರೆ ಎಂದು ಹೇಳಲು ಬಂದವನಿರಬೇಕು ಚಿಕೆಲು, ಹನ್ನೆ ಎಂದು ನಿಂತ. ತಾಯಿಯ ಕೈ ನೋಡಿದ. ಐದೂ ಬೆರಳು ಅಗಲವಾದವು, ಲೇಸು ನೆಲಕ್ಕೆ ಬಿತ್ತು. ಎತ್ತಲು ಅವನೂ ಬಗ್ಗಲಿಲ್ಲ, ನಾನೂ ಬಗ್ಗಲಿಲ್ಲ. ಹದಿನೈದೇ ಆಗ್ಲಿ ಸಿಸ್ಟರ್, ಹೋಗ್ಬೇಡಿ, ಎಂದ, ನೀವು ಎಂದ, ನನ್ನ ಕಡೆ ನೋಡದೆ, ನಾನು ಗೆದ್ದೆ, ಆದರೆ ಇದು ನನ್ನ ಆರು ತಿಂಗಳಿಗೆ ಕೊಟ್ಟ ದರವಲ್ಲ, ಒಂದು ಹುಣ್ಣಿಲ್ಲದ ಆ ಬೆನ್ನಿಗೆ ಕೊಟ್ಟದ್ದಲ್ಲ, ನಾಚಿಕೆಗೆ ಕೊಟ್ಟದ್ದು, ನಾಚಿಕೆ ಸಂಜೆಯ ತನಕ ಇದ್ದೀತು, ನಾಳೆ ಮತ್ತೆ ಎಂಟು ಎಂದಾರು, ಬ್ಯಾಗು ಇನ್ನೂ ನನ್ನ ಕೈಯಲ್ಲೇ ಇದೆ, ಏಣಿಯವನ ಶಿಳ್ಳೆ ನಿಂತಿದೆ, ಅಮ್ಮನ ಕೈ ಮಾತ್ರ ಕೆಳಗಿಳಿದಿಲ್ಲ, ಸ್ಟೂಲಿನ ಆಚೆ, ಗಾಳಿಯಲ್ಲಿ, ಐದು ಬೆರಳು, ಅಗಲವಾಗಿ, ಹಾಗೇ.