ಸ್ಕೀ ದಾರಿಯಲ್ಲಿ ಅಮ್ಮನ ಉರುಳು

ಸಂಬಳವಿಲ್ಲದ ಕೆಲಸ ಎಂದರೆ ನನ್ನ ಗಂಡ ಲಾಜರಸ್‌ಗೆ ಪ್ರಾಣ. ಚಳಿಗಾಲವಿಡೀ ಹಿಮಗಾಡಿಯ ಹಿಂದೆ ಕಬ್ಬಿಣದ ಭಾರ ಕಟ್ಟಿ ಎಳೆದು, ಹಿಮ ಒತ್ತಿ, ಊರ ಮಕ್ಕಳು ಹಿಮದ ಮೇಲೆ ಜಾರುತ್ತಾ ಓಡಲು ಸ್ಕೀ ದಾರಿ ಮಾಡಿದ. ಅದು ನಮ್ಮಪ್ಪ ಹಿಂದೆ ಬೇಟೆಗೆಂದು ಕಡಿದಿದ್ದ, ಆಮೇಲೆ ಮುಚ್ಚಿಹೋಗಿದ್ದ ಕಾಡುದಾರಿ. ಅಮ್ಮನನ್ನು ಕೇಳಿದಾಗ, "ಮಕ್ಳು ಓಡಾಡ್ಲಿ, ಒಳ್ಳೇದೇ" ಅಂದಿದ್ದಳು.

ಮರುದಿನವೇ ಆ ದಾರಿಯಲ್ಲಿ ಮೊದಲ ಪಂದ್ಯ. ಬೇರೆ ಊರಿನ ಮಕ್ಕಳು ವಿಮಾನದಲ್ಲಿ ಬಂದಿಳಿದಾಗಿತ್ತು. ಅಷ್ಟರಲ್ಲಿ ಲಾಜರಸ್ ಬಂದವನೇ ಕೈಗವಸು ಬಿಸಾಕಿದ.

"ಮಾರ್ಥಾ, ದಾರಿಗೆ ಅಡ್ಡ ಯಾರೋ ಕೊಂಬೆ ನೆಟ್ಟು ಬೇಲಿ ಹಾಕ್ಬಿಟ್ಟಿದ್ದಾರೆ ಕಣೇ. ಸಂದಿನಲ್ಲಿ ಮೊಲದ ಉರುಳು! ದಾರಿಯುದ್ದಕ್ಕೂ!"

"ಕಿತ್ತು ಹಾಕೋದಲ್ವಾ?"

"ಬೇರೆಯವ್ರ ಉರುಳು ಮುಟ್ತಾರಾ? ನೀನೇ ಹೇಳು."

ಮುಟ್ಟುವುದಿಲ್ಲ. ನಮ್ಮಲ್ಲಿ ಹೆಂಡತಿ ಗಂಡನ ತಲೆ ಬೇಕಾದರೆ ತಿನ್ನಬಹುದು, ಪರರ ಉರುಳಿಗೆ ಕೈ ಹಾಕುವಂತಿಲ್ಲ. ಯಾರಿಗಪ್ಪಾ ನಮ್ಮ ಮೇಲೆ ಇಷ್ಟು ಹೊಟ್ಟೆಕಿಚ್ಚು ಎಂದು ಬೈದುಕೊಳ್ಳುತ್ತಲೇ ನೋಡಲು ಹೋದೆ. ಪ್ರತಿ ಉರುಳಿನ ಕಡ್ಡಿಗೂ ಕೆಂಪು ಉಣ್ಣೆಯ ನೂಲು. ಆ ನೂಲನ್ನು ಅಮ್ಮನಿಗೆ ಕೊಟ್ಟವಳು ನಾನೇ.

ಅವಳ ಮನೆಗೆ ಹೋದರೆ, ಅಮ್ಮ ನೆಮ್ಮದಿಯಾಗಿ ಚಹಾ ಕುಡಿಯುತ್ತಿದ್ದಳು. "ಊರಿಗೆ ನೆಂಟ್ರ ಮಕ್ಳು ಬಂದಿದ್ದಾವೆ, ಊಟಕ್ಕೆ ಬೇಡ್ವಾ? ಓಡೋ ಮಕ್ಳು ಹಾಗೇ ನೋಡ್ಕೊಂಡು, ಸಿಕ್ಕಿದ್ದು ತರ್ಲಿ ಅಂತ ಹಾಕ್ದೆ."

"ಅಮ್ಮಾ, ಅವ್ರು ಬರೀ ಓಡೋಕೆ ಹೋಗೋದು."

"ಎಲ್ಲಿಗೆ?"

"ಎಲ್ಲಿಗೂ ಇಲ್ಲ. ಸುತ್ತು ಹಾಕಿ ಹೊರಟ ಜಾಗಕ್ಕೇ ಬರ್ತಾರೆ."

"ಬರಿಗೈಲಾ?"

"ಹೂಂ."

ಅಮ್ಮ ಲೋಟ ಕೆಳಗಿಟ್ಟಳು. "ಕರಡಿ ಏನಾದ್ರೂ ಅಟ್ಟಿಸ್ಕೊಂಡು ಬರುತ್ತಾ?"

"ನಿಮ್ಮಪ್ಪ ಹೋದ್ಮೇಲೆ ಆ ದಾರಿಲಿ ಒಂದು ತುಂಡು ಮಾಂಸ ಬಂದಿಲ್ಲ ಕಣೇ" ಅಂದಳು ಅಮ್ಮ. "ಅಳಿಯ ಅದನ್ನ ತೆರೆದ ದಿನ ನಾನು ಅತ್ತಿದ್ದೆ." ಗಂಡನ ಮುಂದೆ ಅವನದೇ ಸರಿ ಅನ್ನಿಸುತ್ತಿತ್ತು, ಅಮ್ಮನ ಮುಂದೆ ಇವಳದೇ ಸರಿ. ನನ್ನ ತಲೆ ಕೆಟ್ಟು ಕೆರವಾಯಿತು.

ನನ್ನಿಂದ ವಿಷಯ ತಿಳಿದ ಲಾಜರಸ್ ಬೆಳಿಗ್ಗೆ ಅಮ್ಮನನ್ನು ಹಿಮಗಾಡಿಯಲ್ಲಿ ಕೂರಿಸಿಕೊಂಡು ಹೋದ. ಉರುಳುಗಳನ್ನೆಲ್ಲ ಅವಳ ಕೈಯಿಂದಲೇ ದಾರಿಯ ಅಂಚಿಗೆ ಹಾಕಿಸಿದ. ಅಷ್ಟು ಹೊತ್ತಿಗೂ ಒಂದು ಮೊಲವೂ ಬಿದ್ದಿರಲಿಲ್ಲ. ಅಮ್ಮನ ಮುಖ ಸಪ್ಪಗಾಗಿತ್ತು.

ಪಂದ್ಯದಲ್ಲಿ ಹೊರಗಿನ ಹುಡುಗನೊಬ್ಬ ಮೊದಲು ಬಂದ. ಎಲ್ಲರೂ ಕೂಗಿದರು. "ಏನು ತಂದ?" ಅಂದಳು ಅಮ್ಮ. ಒಬ್ಬೊಬ್ಬರೇ ಬಂದರು, ಎಲ್ಲರೂ ಬರಿಗೈಯವರೇ. ನಮ್ಮ ಮಗಳು ಕೇಟ್ಲಿನ್ ಮಾತ್ರ ಪತ್ತೆಯಿಲ್ಲ. ಎಲ್ಲರಿಗಿಂತ ಕೊನೆಗೆ ನಿಧಾನವಾಗಿ ಜಾರುತ್ತಾ ಬಂದಳು, ಹೆಗಲ ಮೇಲೊಂದು ಬಿಳಿ ಮೊಲ.

"ಅಜ್ಜಿ, ನಿನ್ ಕೆಂಪು ನೂಲು ನೋಡ್ದೆ. ನಿಂದೇ ಅಲ್ವಾ ಅಂತ ತಂದೆ."

"ನೋಡ್ರೋ," ಅಮ್ಮ ಚಪ್ಪಾಳೆ ತಟ್ಟಿದಳು, "ಇವ್ಳೊಬ್ಳು ಎಲ್ಲಿಗೋ ಹೋಗ್ಬಂದ್ಲು!"

ಮೊಲವನ್ನು ತೆಗೆದುಕೊಂಡು ನೇರವಾಗಿ ಲಾಜರಸ್‌ನ ಕೈಗಿಟ್ಟಳು. "ದಾರಿ ತೆರೆದವನು ನೀನು. ಮೊದಲ ಪಾಲು ನಿಂದು."

ಅಲ್ಲಿಯವರೆಗೆ ಆ ದಾರಿಗಾಗಿ ಅವನಿಗೆ ಯಾರೂ ಏನೂ ಕೊಟ್ಟಿರಲಿಲ್ಲ. ಒಂದು ಕೈಯಲ್ಲಿ ಗೆದ್ದವರ ಕೊರಳಿಗೆ ಹಾಕಲು ಹಿಡಿದಿದ್ದ ಪದಕ, ಇನ್ನೊಂದರಲ್ಲಿ ಮೊಲ, ಕಣ್ಣಲ್ಲಿ ನೀರು. ಗೆದ್ದ ಹುಡುಗ ಪದಕಕ್ಕಾಗಿ ಕತ್ತು ಬಗ್ಗಿಸಿ ಕಾಯುತ್ತಿದ್ದ.

"ಮಾರ್ಥಾ," ಅಂದ ಲಾಜರಸ್, "ಈ ಪದಕಾನ ಯಾರಿಗೆ ಹಾಕ್ಲೇ?"

ನಾನು ಒಮ್ಮೆ ಬಗ್ಗಿದ್ದ ಆ ಕತ್ತನ್ನು ನೋಡಿದೆ, ಒಮ್ಮೆ ಕೇಟ್ಲಿನ್‌ಳನ್ನು.