ಇಪ್ಪತ್ತು ನಿಮಿಷದ ಮೌನ

ಎರಡು ಸಾವಿರದ ಇಪ್ಪತ್ತೈದು, ಜುಲೈ ಹದಿಮೂರು, ಭಾನುವಾರ. ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಮಂಗಳಮ್ಮನ ನಾಡಿ ಎಂಬತ್ತನಾಲ್ಕು ಇತ್ತು. ಏಳೂವರೆಗೆ ಅರವತ್ತೊಂದಕ್ಕೆ ಇಳಿದಿತ್ತು.

ನಾಗೇಂದ್ರ ಮೇಷ್ಟ್ರು ನಂಬಲಿಲ್ಲ. ಕೊರೋನಾ ಕಾಲದಲ್ಲಿ ಕೊಂಡಿದ್ದ, ಬೆರಳ ತುದಿಗೆ ಕಚ್ಚಿಸುವ ಪುಟ್ಟ ಮಿಷನ್ನನ್ನು ಅವಳ ಬಲಗೈಯಿಂದ ತೆಗೆದು, ಒರೆಸಿ, ಎಡಗೈಗೆ ಹಾಕಿ ನೋಡಿದರು. ಅರವತ್ತೊಂದೇ. ತಮ್ಮ ಬೆರಳಿಗೆ ಹಾಕಿಕೊಂಡರು. ಎಂಬತ್ತಾರು. ಧ್ಯಾನಕ್ಕೆ ಕೂರುವ ಮೊದಲು ಅವರದು ಎಪ್ಪತ್ತೆಂಟು ಇತ್ತು.

"ಮಿಷನ್ ಸರಿಯಾಗೇ ಇದೆ" ಎಂದರು, ಅದು ಕೆಟ್ಟಿದ್ದರೇ ಚೆನ್ನಾಗಿತ್ತು ಎನ್ನುವ ಧ್ವನಿಯಲ್ಲಿ.

ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ರಸ್ತೆಯಲ್ಲಿ, ಕೈ ತೋರಿದರೆ ಮಾತ್ರ ಬಸ್ಸು ನಿಲ್ಲುವ ಒಂದು ತಿರುವಿನ ಒಳಗೆ ಪ್ರಜ್ಞಾ ವಿಹಾರವಿದೆ. ಶೀಟಿನ ಮಾಡು, ನೀಲಿ ಗೋಡೆ, ಒಳಗೆ ಬುದ್ಧ, ಪಕ್ಕದಲ್ಲಿ ಬಾಬಾಸಾಹೇಬರು. ಸದಸ್ಯರು ಹನ್ನೆರಡು ಜನ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದ ನಾಗೇಂದ್ರ ಮೇಷ್ಟ್ರು ಅಧ್ಯಕ್ಷರು. ಮೂಢನಂಬಿಕೆಯನ್ನು ಬೇರುಸಮೇತ ಕೀಳುವುದಕ್ಕೆ ಅವರೇ ಬರೆದ ನಿಯಮವೊಂದು ಬಾಗಿಲ ಹಿಂದೆ ಚೌಕಟ್ಟಿನಲ್ಲಿ ತೂಗುತ್ತಿತ್ತು: ಮನೆಯಲ್ಲಾಗಲಿ, ಮೈಮೇಲಾಗಲಿ, ಮನಸ್ಸಿನಲ್ಲಾಗಲಿ ಬೇರೆ ದೇವರನ್ನು ಇಟ್ಟುಕೊಂಡವರ ಹೆಸರನ್ನು ಹೊಡೆದುಹಾಕಲಾಗುವುದು. ಹೂವಿನ ಹಾರ ಹಾಕಿ, ಊದಿನಕಡ್ಡಿ ಹಚ್ಚಿದ್ದು ಆ ಚೌಕಟ್ಟಿಗೆ ಒಂದೇ ಒಂದು ಸಲ. ಅದೂ ಯಾರೋ ಹೊಸಬರು ಗೊತ್ತಿಲ್ಲದೆ ಮಾಡಿದ್ದು.

ನಿಯಮ ಬರೀ ಗೋಡೆಯ ಮೇಲಿರಲಿಲ್ಲ. ಹಿಂದಿನ ವರ್ಷ ಆಯುಧಪೂಜೆಯ ಮಾರನೆಯ ದಿನ ಚಾಮಯ್ಯನ ಬೈಕಿನ ಹೆಡ್‌ಲೈಟಿನ ಮೇಲೆ ಕುಂಕುಮ ಕಾಣಿಸಿತು. "ಗ್ಯಾರೇಜಿನೋರು ಬಳಿದವ್ರೆ ಸಾ, ನಾನೇನ್ಮಾಡ್ಲಿ" ಅಂತ ಅವನು ಎಷ್ಟು ಹೇಳಿದರೂ ಹೆಸರು ಹೊಡೆದರು; ಮತ್ತೆ ಸೇರಿಸಿಕೊಳ್ಳುವವರೆಗೆ ಆರು ತಿಂಗಳು ಹೊರಗೆ ನಿಂತ. ಬೈಕನ್ನು ಒಳಗೆ ಬಿಟ್ಟುಕೊಂಡಿದ್ದರು, ಮಳೆಗೆ ನೆನೆಯುತ್ತದೆ ಅಂತ.

ಧ್ಯಾನದಿಂದ ದೇಹಕ್ಕೆ ಏನಾಗುತ್ತದೆ ಅನ್ನುವುದನ್ನು ಅಂಕಿಗಳಲ್ಲಿ ತೋರಿಸಿ, ಆಗಸ್ಟಿನಲ್ಲಿ ನರಸೀಪುರದ ಸಭೆಯಲ್ಲಿ ಪ್ರಬಂಧ ಓದಬೇಕು ಎಂದು ಮೇಷ್ಟ್ರು ಈ ಅಳತೆ ಶುರುಮಾಡಿದ್ದರು. ಐದು ವಾರವಾಯಿತು. ಎಲ್ಲರೂ ಕಣ್ಣು ಮುಚ್ಚಿ ಉಸಿರನ್ನು ಗಮನಿಸಬೇಕು, ಇಪ್ಪತ್ತು ನಿಮಿಷ. ಉಳಿದವರ ನಾಡಿ ಇದ್ದಲ್ಲೇ ಇರುತ್ತಿತ್ತು, ಇಲ್ಲವೇ ಏರುತ್ತಿತ್ತು. ಇಳಿಯುತ್ತಿದ್ದುದು ಮಂಗಳಮ್ಮನದು ಮಾತ್ರ. ಪ್ರತಿ ವಾರವೂ.

"ಮಂಗಳಮ್ಮ, ಬರೋ ಭಾನುವಾರ ನೀನು ಎಲ್ಲರ ಮುಂದೆ ಹೇಳಬೇಕು ಕಣಮ್ಮ. ಕಣ್ಣು ಮುಚ್ಚಿದ ಮೇಲೆ ಮನಸ್ಸಿನಲ್ಲಿ ಏನು ಮಾಡ್ತೀಯ, ಹೆಂಗೆ ಮಾಡ್ತೀಯ. ನಾನು ಬರ್ಕೊಳ್ತೀನಿ."

"ನಂಗೆ ಏಳಕ್ಕೆ ಬರಕ್ಕಿಲ್ಲ ಸಾ."

"ಇದ್ದದ್ದು ಇದ್ದಂಗೆ ಹೇಳಮ್ಮ. ಅಷ್ಟೇ."

ಮಂಗಳಮ್ಮನ ನಾಡಿಯನ್ನು ಆಗ ಯಾರೂ ಅಳೆಯಲಿಲ್ಲ.

ಇದ್ದದ್ದು ಇದ್ದಂಗೆ ಅಂದರೆ ಹೀಗೆ. ಮಂಗಳಮ್ಮ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು. ಮೊದಲ ಒಂದು ವರ್ಷ ಅವಳೂ ಉಸಿರನ್ನೇ ಗಮನಿಸಿದ್ದಳು. ಗಮನಿಸಿದಷ್ಟೂ ಉಸಿರು ಸಾಲದೆ ಬರುತ್ತಿತ್ತು. ಆಮೇಲೆ ಒಂದು ದಿನ, ತಾನಾಗಿಯೇ, ತಾತನ ಕಾಲದ ಮನೆದೇವರು ಸಿದ್ದಪ್ಪಾಜಿಯ ಜೊತೆ ಮಾತಿಗೆ ಕೂತಳು. ಬೇಡಿಕೆಯಲ್ಲ, ಹರಕೆಯಲ್ಲ. ವಾರದ ವರದಿ. ಅಪ್ಪಾಜಿ, ಮಂಗಳವಾರ ಸಾರಿಗೆ ಉಪ್ಪು ಒಂಚೂರು ಮುಂದಾಯ್ತು. ನಾಕನೇ ಕ್ಲಾಸಿನ ಒಂದು ಕೂಸು ಮೂರು ಸಲ ಅನ್ನ ಈಸ್ಕೊಂಡು ತಿಂತು, ಮನೇಲಿ ಏನೂ ಮಾಡಿಲ್ಲ ಅನ್ಸತ್ತೆ, ಒಸಿ ನೋಡ್ಕೊ. ಹೀಗೆ ಹೇಳುತ್ತಾ ಹೋದರೆ ಇಪ್ಪತ್ತು ನಿಮಿಷ ಸಾಲುತ್ತಿರಲಿಲ್ಲ.

ಅವಳ ತಾತ ನೀಲಗಾರ. ತಂಬೂರಿ ಹಿಡಿದು ಮಂಟೇಸ್ವಾಮಿ, ಸಿದ್ದಪ್ಪಾಜಿಯ ಕತೆಯನ್ನು ಊರೂರ ಮೇಲೆ ಹಾಡಿಕೊಂಡು ಬಂದವರು. ಹದಿನೆಂಟು ವರ್ಷದ ಹಿಂದೆ ಗಂಡನ ಜೊತೆ ಬೌದ್ಧ ದೀಕ್ಷೆ ತೆಗೆದುಕೊಂಡಾಗ ಮಂಗಳಮ್ಮ ಮನೆಯ ಪಟಗಳನ್ನೆಲ್ಲ ಗಂಟು ಕಟ್ಟಿ ನಂಜನಗೂಡಿನಲ್ಲಿ ಕಪಿಲೆಗೆ ಬಿಟ್ಟಿದ್ದಳು. ಮನಸ್ಸಿಟ್ಟೇ ಬಿಟ್ಟಿದ್ದಳು. ಆದರೆ ಸಿದ್ದಪ್ಪಾಜಿಯ ಪಟ ಮನೆಯಲ್ಲಿ ಯಾವತ್ತೂ ಇರಲಿಲ್ಲ. ಬಾಯಲ್ಲಿದ್ದವನನ್ನು ಹೊಳೆಗೆ ಬಿಡುವುದು ಹೇಗೆ? ಬುದ್ಧನ ಮುಂದೆ ಕೂತು ಅಪ್ಪಾಜಿಯ ಜೊತೆ ಮಾತಾಡುವುದರಲ್ಲಿ ಅವಳಿಗೆ ತಪ್ಪೇನೂ ಕಾಣುತ್ತಿರಲಿಲ್ಲ. ಜಾಗ ಬುದ್ಧನದು, ಮಾತು ಅಪ್ಪಾಜಿಯದು. ಇಬ್ಬರಿಗೂ ಅಭ್ಯಂತರವಿದ್ದಂತೆ ತೋರಲಿಲ್ಲ.

ಅಭ್ಯಂತರವಿದ್ದದ್ದು ನಿಯಮಕ್ಕೆ. ಗಂಡ ತೀರಿಕೊಂಡ ಮೇಲೆ ವಾರವಿಡೀ ಒಲೆಯ ಮುಂದೆ ನಿಂತೇ ಇರುವ ಅವಳಿಗೆ ಯಾರಾದರೂ "ಕೂತ್ಕೊ" ಅನ್ನುವ ಜಾಗ ಭೂಮಿಯ ಮೇಲೆ ಇದೊಂದೇ. ಹೆಸರು ಹೊಡೆದರೆ ಅದೂ ಹೋಯಿತು.

ಶುಕ್ರವಾರ ಬಸ್‌ಸ್ಟಾಂಡಿನಲ್ಲಿ ಪುಟ್ಟಗೌರಮ್ಮ ಸಿಕ್ಕಾಗ ಮಂಗಳಮ್ಮ ಎಲ್ಲವನ್ನೂ ಹೇಳಿಕೊಂಡಳು. ವಿಹಾರದಲ್ಲಿ ಅವಳ ಪಕ್ಕದಲ್ಲೇ ಕೂರುವ ಅರವತ್ತರ ಹೆಂಗಸು ಪುಟ್ಟಗೌರಮ್ಮ.

"ಅಯ್ ಇಷ್ಟೇನಾ? ಉಸ್ರು ನೋಡ್ತಾ ಇದ್ದೆ ಅನ್ನು. ಒಳಗೆ ವೊಕ್ಕು ನೋಡೋರು ಯಾರವ್ವ?"

"ಸುಳ್ಳಾಡಕ್ಕಿಲ್ಲ ಅಂತ ಪ್ರತಿ ವಾರ ಐದು ಶೀಲ ಏಳ್ತೀವಲ್ಲಕ್ಕ."

"ಏಳ್ತೀವಿ. ಅದ್ನ ನಿಜ ಅನ್ಕೊಂಡೋಳು ನೀನೊಬ್ಳೇ ಕಣೆ."

ಮುಂದಿನ ಭಾನುವಾರ ಮಂಗಳಮ್ಮ ಎದ್ದು ನಿಂತಳು. ಮೇಷ್ಟ್ರು ಪೆನ್ನು ಹಿಡಿದಿದ್ದರು.

"ಸಿದ್ದಪ್ಪಾಜಿ ಜೊತೆ ಮಾತಾಡ್ತಾ ಇರ್ತೀನಿ ಸಾ."

ಪೆನ್ನು "ಸಿದ್ದ" ಎಂದು ಬರೆದು ನಿಂತಿತು.

"ಯೆಸ್ರು ಒಡ್ದಾಕಿ ಸಾ!" ಎಂದು ಮೊದಲು ಕೂಗಿದವನು ಖಜಾಂಚಿ ದೇವಯ್ಯ. "ಬುದ್ಧನ ಮುಂದ್ಗಡೆ ಕೂತ್ಕೊಂಡು ಇಂಥ ಕೆಲ್ಸ! ನಾವೆಲ್ಲ ಉಸ್ರು ಇಡ್ಕೊಂಡು ಸಾಯ್ತಾ ಇದ್ರೆ ಇವಳು ಅರಟೆ ಒಡೀತಾವ್ಳೆ."

ಮೇಷ್ಟ್ರು ಕೈ ಎತ್ತಿದರು. ಸಿಟ್ಟಿಗಿಂತ ಅವರಿಗೆ ಅನುಮಾನ ಹೆಚ್ಚು. ಇಳಿಕೆಗೆ ಕಾರಣ ಅದೇ ಎಂದು ಸಾಬೀತಾಗುವುದು ಹೇಗೆ? "ಮಂಗಳಮ್ಮ, ಈಗ ಕೂತ್ಕೊ. ಉಸಿರು ಮಾತ್ರ ನೋಡು. ಅವರನ್ನ ಕರೀಬೇಡ."

ಅವಳು ಕೂತಳು. ಪ್ರಾಮಾಣಿಕವಾಗಿ ಉಸಿರನ್ನೇ ನೋಡಿದಳು. ಎಂಬತ್ತೆರಡಿದ್ದದ್ದು ತೊಂಬತ್ತೊಂದಕ್ಕೆ ಏರಿತು.

ಅಂಕಿ ನೋಡಿ ಮೇಷ್ಟ್ರ ಮುಖ ಸಣ್ಣದಾಯಿತು. ಆದರೂ ನಿಯಮ ನಿಯಮವೇ. ಪುಸ್ತಕ ತೆರೆದು, ಒಂಬತ್ತನೆಯ ಹೆಸರಿನ ಮೇಲೆ ಸ್ಕೇಲು ಇಟ್ಟರು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಚಾಮಯ್ಯನ ದನಿ ಬಂತು.

"ಸಾ, ಒಂದ್ಮಾತು. ನನ್ನ ಬೈಕ್ ಮೇಲಿದ್ದುದ್ದು ಕಣ್ಣಿಗೆ ಕಾಣ್ತಿತ್ತು, ಒಡೆದ್ರಿ, ಸರಿ. ಇದು ಮನಸ್ಸಿನೊಳಗಿಂದು. ಇವಮ್ಮುನ್ನ ಕೇಳ್ದಂಗೆ ಎಲ್ರುನ್ನೂ ಕೇಳ್ಬೇಕಲ್ವಾ? ರೂಲ್ಸು ಎಲ್ರಿಗೂ ಒಂದೇ ತಾನೆ?"

ನ್ಯಾಯದ ಮಾತು. ಜೊತೆಗೆ ವಿಜ್ಞಾನದ ಮಾತೂ ಹೌದು. ಒಬ್ಬರನ್ನೇ ಕೇಳಿದರೆ ಅದು ಎಂಥ ಪ್ರಯೋಗ? ಮೇಷ್ಟ್ರು ಸ್ಕೇಲು ತೆಗೆದರು. ಮುಂದಿನ ವಾರದ ಪಟ್ಟಿಯಲ್ಲಿ ನಾಡಿಯ ಎರಡು ಕಾಲಂಗಳ ಪಕ್ಕ ಮೂರನೆಯದೊಂದು ಎಳೆದರು: ಮನಸ್ಸಿನಲ್ಲಿ ಏನಿತ್ತು? ಎಲ್ಲರನ್ನೂ ಕೇಳಿದ ಮೇಲೆ ಮಂಗಳಮ್ಮನ ತೀರ್ಮಾನ.

ಆ ವಾರ ಶಾಲೆಯಲ್ಲಿ ಅವಳು ಎರಡು ಸಲ ಉಪ್ಪು ಹಾಕುವುದನ್ನೇ ಮರೆತಳು.

ಜುಲೈ ಇಪ್ಪತ್ತೇಳು. ಹನ್ನೆರಡು ಜನರೂ ಬಂದಿದ್ದರು; ಶಿಸ್ತಿನ ವಿಹಾರದಲ್ಲಿ ಪೂರ್ತಿ ಹಾಜರಿ ಅದೇ ಮೊದಲು. ಐದು ಶೀಲಗಳನ್ನು ಹೇಳಿದರು, ಸುಳ್ಳಾಡೆನು ಎನ್ನುವ ನಾಲ್ಕನೆಯದನ್ನು ಸ್ವಲ್ಪ ಮೆಲ್ಲಗೆ. ಕೂತರು. ಆ ಇಪ್ಪತ್ತು ನಿಮಿಷ ಯಾರೂ ಕೆಮ್ಮಲಿಲ್ಲ, ಕಾಲು ಬದಲಿಸಲಿಲ್ಲ. ಒಂದು ಸಲ ಯಾರೋ ಸಣ್ಣಗೆ ನಕ್ಕ ಹಾಗಾಯಿತು. ಇವತ್ತೇ ಕೊನೆಯೇನೋ ಅಂತ ಮಂಗಳಮ್ಮ ತನ್ನ ವರದಿಯನ್ನು ಬೇಗ ಮುಗಿಸಿ, ಅಪ್ಪಾಜಿಗೆ ಒಂದು ಮಾತು ಸೇರಿಸಿದಳು: ಇನ್ಮೇಲೆ ಅಡುಗೆಮನೇಲೇ ಸಿಗ್ತೀನಿ, ನಿಂತ್ಕೊಂಡೇ ಮಾತಾಡಣ.

ಮೇಷ್ಟ್ರು ಮಿಷನ್ ಹಿಡಿದು ಸಾಲಿನಲ್ಲಿ ಹೊರಟರು. ಒಬ್ಬೊಬ್ಬರ ಅಂಕಿಯನ್ನೂ ಎರಡೆರಡು ಸಲ ನೋಡಿದರು. ಪುಟ್ಟಗೌರಮ್ಮ, ಎಂಬತ್ತೆಂಟರಿಂದ ಎಪ್ಪತ್ತು. ಚಾಮಯ್ಯ, ಎಂಬತ್ತರಿಂದ ಅರವತ್ತಾರು. ಖಜಾಂಚಿ ದೇವಯ್ಯ, ತೊಂಬತ್ತೆರಡರಿಂದ ಎಪ್ಪತ್ತಮೂರು. ಹನ್ನೊಂದು ಜನರಲ್ಲಿ ಹನ್ನೊಂದು ಜನರದ್ದೂ ಇಳಿದಿತ್ತು. ಇಷ್ಟೂ ವಾರ ಅವರು ಬಯಸಿದ್ದ ಫಲಿತಾಂಶ ಇದೇ.

ಇನ್ನು ಉಳಿದದ್ದು ಮೂರನೆಯ ಕಾಲಂ. ತನ್ನ ತೀರ್ಮಾನಕ್ಕೆ ಕಾದು ಮಂಗಳಮ್ಮ ಆಗಲೇ ಎದ್ದು ನಿಂತಿದ್ದಳು.

"ದೇವಯ್ಯ, ಮನಸ್ಸಿನಲ್ಲಿ ಏನಿತ್ತು?"

ದೇವಯ್ಯ ಬುದ್ಧನನ್ನು ನೋಡಿದ. ಬಾಬಾಸಾಹೇಬರನ್ನು ನೋಡಿದ. ತನ್ನ ಕಾಲಿನ ಹೆಬ್ಬೆರಳನ್ನು ಬಹಳ ಹೊತ್ತು ನೋಡಿದ.

"ನೆಪ್ಪಿಲ್ಲ ಸಾ."

"ಈಗ ತಾನೇ ಎದ್ದಿದ್ದೀಯಲ್ಲಯ್ಯ!"

"ಅದ್ಕೇ ಸಾ, ಮರ್ತೋಯ್ತು."

ಯಾರೋ ಕಿಸಕ್ಕೆಂದರು. ಮೇಷ್ಟ್ರು ಪುಟ್ಟಗೌರಮ್ಮನ ಕಡೆ ತಿರುಗಿದರು. ಅವಳು ಸೆರಗು ಸರಿಮಾಡಿಕೊಂಡು, "ಏಳ್ತೀನಿ ಮೇಷ್ಟ್ರೇ, ನಂಗೇನು ಭಯ? ಆದ್ರೆ ಅಧ್ಯಕ್ಷರದ್ದು ಮೊದ್ಲು ಆಗ್ಲಿ. ನಿಮ್ಮದೆಷ್ಟು ಇಳೀತು? ಒಳಗೆ ಏನಿತ್ತು?" ಎಂದಳು.

ಇದೂ ನ್ಯಾಯದ ಮಾತೇ. ಕೂರುವ ಮೊದಲು ಮೇಷ್ಟ್ರದು ಎಪ್ಪತ್ತೊಂಬತ್ತು ಇತ್ತು. ಮೇಷ್ಟ್ರು ಮಿಷನ್ನನ್ನು ತಮ್ಮ ತೋರುಬೆರಳಿಗೆ ಹಾಕಿಕೊಂಡರು. ಅಂಕಿ ಮೂಡುವವರೆಗೆ ಹನ್ನೊಂದು ಜನ ಕತ್ತು ಚಾಚಿದರು. ಮೇಷ್ಟ್ರು ನೋಡಿದರು. ನೋಡಿದವರು ಕೈಯನ್ನು ಮಡಿಲಿಗೆ ಇಳಿಸಿ, ಇನ್ನೊಂದು ಕೈಯಿಂದ ಸ್ಕೇಲು ತೆಗೆದುಕೊಂಡರು. ಮೂರನೆಯ ಕಾಲಮ್ಮಿನ ಮೇಲಿಂದ ಕೆಳಗಿನವರೆಗೆ, ತಲೆಬರಹವೂ ಸೇರಿದಂತೆ, ನೆಟ್ಟಗೆ ಒಂದು ಗೆರೆ ಎಳೆದರು.

"ಇದು ಅಳೆಯಕ್ಕೆ ಆಗುವಂಥದ್ದಲ್ಲ" ಎಂದರು. "ಪ್ರಬಂಧಕ್ಕೆ ಎರಡು ಕಾಲಂ ಸಾಕು. ಮಂಗಳಮ್ಮ, ಯಾಕೆ ನಿಂತಿದ್ದೀಯ? ಕೂತ್ಕೊ."

ಬಾಗಿಲ ಹಿಂದಿನ ನಿಯಮವನ್ನು ಯಾರೂ ತೆಗೆಯಲಿಲ್ಲ, ಯಾರೂ ಓದಲೂ ಇಲ್ಲ. ಮಂಗಳಮ್ಮ ಮುಂದಿನ ಸಾಲಿನ ತನ್ನ ಜಾಗದಲ್ಲಿ ಕೂತಳು. ಅಲ್ಲಿಂದ ಮೇಷ್ಟ್ರ ಮಡಿಲು ಚೆನ್ನಾಗಿ ಕಾಣುತ್ತಿತ್ತು. ಮಿಷನ್ ಇನ್ನೂ ಅವರ ಬೆರಳಲ್ಲೇ ಇತ್ತು, ಅಂಕಿ ಇನ್ನೂ ಉರಿಯುತ್ತಿತ್ತು: ಅರವತ್ತೆಂಟು.