ಹೆಟ್ಟಿ ಚೆಗ್ವಿಡನ್ ಮತ್ತು ಕಲ್ಲಿಲ್ಲದ ಉರೆನ್‌ಗಳು

ಹೆಟ್ಟಿ ಚೆಗ್ವಿಡನ್ ಯಾರಿಗೂ ಸುಮ್ಮಸುಮ್ಮನೆ ಮುತ್ತಜ್ಜನನ್ನು ಕೊಟ್ಟವಳಲ್ಲ. ನಮ್ಮ ಲ್ಯಾನ್‌ಗೆರಿಕ್ ಪ್ಯಾರಿಷ್‌ನಲ್ಲಿ, ಅಂದರೆ ಒಂದೇ ಚರ್ಚಿಗೆ ಸೇರಿದ ಈ ಹಳ್ಳಿಸೀಮೆಯಲ್ಲಿ, ಉಳಿದವರೆಲ್ಲ ಈ ವಿಷಯದಲ್ಲಿ ಮಹಾ ಧಾರಾಳಿಗಳು. ಮಿಷಿಗನ್ನಿನಿಂದಲೋ ದಕ್ಷಿಣ ಆಸ್ಟ್ರೇಲಿಯಾದಿಂದಲೋ ಯಾರಾದರೂ ಬಂದು, ಕಣ್ಣು ತುಂಬಿಕೊಂಡು, ‘ನಮ್ಮ ಹಿರಿಯರು ಈ ಊರಿನವರಂತೆ’ ಎಂದರೆ ಸಾಕು, ಪಬ್ಬಿನ ಯಜಮಾನನಿಂದ ಹಿಡಿದು ಚರ್ಚಿನ ಪಾರುಪತ್ಯಗಾರನವರೆಗೆ ಎಲ್ಲರೂ ಅವರನ್ನು ಕೈಹಿಡಿದು ನಡೆಸಿಕೊಂಡು ಹೋಗಿ, ಅದೇ ಹೆಸರು ಕೆತ್ತಿದ ಅತ್ಯಂತ ಚೆಂದದ ಸ್ಲೇಟಿನ ಗೋರಿಕಲ್ಲಿನೆದುರು ನಿಲ್ಲಿಸಿ, ಟೊಪ್ಪಿ ತೆಗೆದು, ಭಕ್ತಿಯಿಂದ ಹಿಂದೆ ಸರಿದು, ಅಳಲು ಅನುವು ಮಾಡಿಕೊಡುತ್ತಿದ್ದರು. ಹೆಟ್ಟಿ ಮಾತ್ರ ಗೋಡೆಯಾಚೆಯಿಂದಲೇ ಕೂಗುತ್ತಿದ್ದಳು: “ಅವ್ನು ನಿಮ್ಮೋನಲ್ಲ, ನನ್ ಬಂಗಾರ! ಪರರ ಅಜ್ಜನ ಮುಂದೆ ಕಣ್ಣೀರು ದಂಡ ಮಾಡ್ಕೋಬೇಡಿ!”

ತೀರಿಕೊಂಡ ಗಂಡನ ಮೇಣಗಪಡದ ಕೋಟು ಆಕೆಯ ಹಿಮ್ಮಡಿಯವರೆಗೂ ಇಳಿಬಿದ್ದಿರುತ್ತಿತ್ತು. ಅದರ ಒಂದು ಜೇಬಿನಲ್ಲಿ ಕಲ್ಲುಹೂವು ಕೆರೆಯಲೆಂದು ಇಟ್ಟುಕೊಂಡ ಮರದ ಚಕ್ಕೆ. ಕಬ್ಬಿಣ ತಾಗಿದರೆ ಸ್ಲೇಟಿನ ಅಕ್ಷರ ಗಾಯಗೊಳ್ಳುತ್ತದೆ ಎಂಬುದು ಆಕೆಯ ಸಿದ್ಧಾಂತ. ಇನ್ನೊಂದರಲ್ಲಿ ಅರ್ಧ ತಿಂದ ಕೇಸರಿ ಬನ್ನು. ಸೊಂಟದ ಕೀಲು ಕೈಕೊಟ್ಟಿದ್ದರಿಂದ ನಡಿಗೆ ಮೊದಲೇ ಏಡಿಯದ್ದು; ಸಾಲದ್ದಕ್ಕೆ, ಸಮಾಧಿಗಳ ಅಂಗಳದಲ್ಲಿ ಗುರುತಿಲ್ಲದ ಯಾವ ದಿಬ್ಬದ ಮೇಲೂ ಕಾಲಿಡಕೂಡದೆಂಬ ಹಟ. ಉತ್ತರದ ಮಗ್ಗುಲಲ್ಲಿ ಗುರುತಿಲ್ಲದ ದಿಬ್ಬಗಳೇ ತುಂಬಿದ್ದರಿಂದ, ಅಲ್ಲಿ ಆಕೆ ತುಂಬಿದ ಹಳ್ಳವನ್ನು ಕಲ್ಲಿನಿಂದ ಕಲ್ಲಿಗೆ ದಾಟುವವಳಂತೆ ಕಾಣುತ್ತಿದ್ದಳು. ‘ಇಲ್ಲ’ ಎನ್ನುವ ಮೊದಲು ಉಸಿರನ್ನು ಒಳಕ್ಕೆಳೆದು ‘ಹೂಂ’ ಎನ್ನುವುದೊಂದು ವಿಲಕ್ಷಣ ಅಭ್ಯಾಸ. ಹೊರಗಿನಿಂದ ಬಂದವರು ಅದನ್ನು ಒಪ್ಪಿಗೆಯೆಂದು ತಿಳಿದು ಮುಖ ಅರಳಿಸುತ್ತಿದ್ದರು. ಆ ಕ್ಷಣ ನೋಡಲು ನನಗೆ ಸಂಕಟವಾಗುತ್ತಿತ್ತು.

ತೊಡಕೇನೆಂದರೆ, ಈ ಪ್ಯಾರಿಷ್‌ನ ಅರ್ಧ ಜನ ಉರೆನ್ ಎಂಬ ಒಂದೇ ಅಡ್ಡಹೆಸರಿನವರು. ಗುಡ್ಡದ ಉರೆನ್, ಗಿರಣಿ ಉರೆನ್, ಗಣಿಯ ಎಂಜಿನ್‌ಮನೆ ಉರೆನ್ ಎಂದು ನಾವು ಮನೆಯ ಮೇಲಿಂದ ಗುರುತಿಸುತ್ತೇವೆ. ತವರದ ಗಣಿಗಳು ಮುಚ್ಚಿ ಜನ ಹಡಗು ಹತ್ತಿದಾಗ ‘ಉರೆನ್’ ಮಾತ್ರ ಸಮುದ್ರ ದಾಟಿತು. ಮನೆಯ ಗುರುತು ಬಂದರಿನ ಕಟ್ಟೆಯ ಮೇಲೆಯೇ ಉಳಿಯಿತು. ಮೊಮ್ಮಕ್ಕಳು ಬರಿಯ ಉರೆನ್ ಹಿಡಿದುಕೊಂಡು ಬರುತ್ತಾರೆ, ಕಲ್ಲಿದ್ದ ಉರೆನ್‌ಗೆ ಕೈಮುಗಿಯುತ್ತಾರೆ. ಕಲ್ಲು ನಿಲ್ಲಿಸುವಷ್ಟು ಅನುಕೂಲವಿದ್ದವನು ಊರು ಬಿಟ್ಟು ಯಾಕೆ ಹೋಗುತ್ತಿದ್ದ ಎಂದು ಒಬ್ಬರೂ ಕೇಳಿಕೊಳ್ಳುವುದಿಲ್ಲ.

ಒಮ್ಮೆ ಅಡಿಲೇಡಿನ ಕಡೆಯ ಗೃಹಸ್ಥನೊಬ್ಬ ತನ್ನ ರಕ್ತದಲ್ಲಿ ಜಮೀನ್ದಾರಿಕೆ ಹುಡುಕಿಕೊಂಡು ಬಂದ. ಹೆಟ್ಟಿ ವಾರವೆಲ್ಲ ಹಳೆಯ ದಫ್ತರಗಳನ್ನು ಜಾಲಾಡಿ ಒಬ್ಬ ಕುರಿಗಳ್ಳನನ್ನು ತಂದು ಮುಂದಿಟ್ಟಳು. ಆತ ಸಿಡಿದೆದ್ದ. “ಕುರಿ ಕದ್ದಿದ್ದು ಹೊಟ್ಟೆಗಿಲ್ದೆ ಸ್ವಾಮಿ. ನಾಚ್ಕೋಬೇಕಾದ್ದು ಅದಕ್ಕಲ್ಲ, ಆ ಕುರಿಯ ಯಜಮಾನನ ನೆಂಟಸ್ತನ ಹುಡುಕ್ಕೊಂಡು ಬಂದ್ರಲ್ಲ, ಅದಕ್ಕೆ!” ಎಂದಳು. ಮುಂದಿನ ಕ್ರಿಸ್ಮಸ್ಸಿಗೆ ಅವನಿಂದ ಕುರಿಯ ಚಿತ್ರದ ಕಾರ್ಡು ಬಂತು.

ಎಲ್ಲವೂ ಹೀಗೆ ನಗುವಿನಲ್ಲಿ ಮುಗಿಯುವುದಿಲ್ಲ. ಆರ್ಡಿಸ್ ಉರೆನ್ ಮಿಷಿಗನ್ನಿನಿಂದ ಬಂದಾಗ ಅವಳ ಕೈಯಲ್ಲಿ ಒಡಹುಟ್ಟಿದ ತಮ್ಮ ವರ್ನನ್‌ನ ಬೂದಿಯಿತ್ತು. ಎಪ್ಪತ್ತೈದರ ವೃದ್ಧೆ, ನೆಟ್ಟಗಿನ ಬೆನ್ನು, ಒಳ್ಳೆಯ ಪಾದರಕ್ಷೆ. ಮುತ್ತಜ್ಜಿ ಜೇನ್ ಉರೆನ್‌ಳ ಮಗ್ಗುಲಲ್ಲಿ ಮಲಗಬೇಕೆಂಬುದು ಸಾಯುವವನ ಆಸೆ. ನಮ್ಮ ಪಾರುಪತ್ಯಗಾರ ಗಾರ್ಫೀಲ್ಡ್ ಸ್ಪಾರ್ಗೊ ಮೊದಲೇ ಅವರಿಗೆ ಬರೆದು ಭರವಸೆ ಕೊಟ್ಟಿದ್ದ: ಚರ್ಚಿನ ಬಾಗಿಲ ಬಳಿ ಕ್ಯಾಪ್ಟನ್ ಜೊಸಾಯ ಉರೆನ್‌ನ ದೊಡ್ಡ ಕಲ್ಲಿದೆಯಲ್ಲ, ಅದೇ ನಿಮ್ಮ ಮನೆತನದ್ದು, ಫೋಟೋ ಇಟ್ಟಿದ್ದೇನೆ ನೋಡಿ ಎಂದು. ಗುಂಡಿ ತೋಡುವುದು ಗುರುವಾರ ಬೆಳಿಗ್ಗೆಗೆ ನಿಗದಿಯಾಗಿತ್ತು.

ಹಿಂದಿನ ದಿನ ಸ್ಪಾರ್ಗೊನ ಮನೆಯಲ್ಲಿ ಚಹಾ. ನಾನಿದ್ದೆ, ಹೆಟ್ಟಿಯೂ ಇದ್ದಳು. ಆರ್ಡಿಸ್ ಹೆಮ್ಮೆಯಿಂದ ಹೇಳುತ್ತಿದ್ದಳು: “ಜೇನಜ್ಜಿ ಹತ್ತನೇ ವಯಸ್ಸಿಗೇ ಗಣಿ ಬಾಯಲ್ಲಿ ಕೂತು ಸುತ್ತಿಗೆಲಿ ಅದಿರು ಒಡೀತಿದ್ಳಂತೆ. ಅವಳ ಮಣಿಕಟ್ಟು ಗಂಡಸರಿಗಿಂತ ದಪ್ಪ ಇತ್ತಂತೆ!”

ಹೆಟ್ಟಿ ಬಟ್ಟಲನ್ನು ಕೆಳಗಿಟ್ಟಳು. ಗಣಿಯ ಮೇಲ್ವಿಚಾರಕ ಕ್ಯಾಪ್ಟನ್ನನ ಮನೆಗೆ ಬಿಸಿಲಲ್ಲಿ ಕೂತು ಕಲ್ಲು ಒಡೆದವಳು ಸೊಸೆಯಾಗಿ ಬರುವುದುಂಟೆ? ಸುತ್ತಿಗೆ ಹಿಡಿದ ಜೇನ್ ಉರೆನ್ ಈ ಪ್ಯಾರಿಷ್‌ನಲ್ಲಿ ಒಬ್ಬಳೇ, ಎಂಜಿನ್‌ಮನೆಯವಳು. ಅವಳ ಕಥೆಯನ್ನು ಹೆಟ್ಟಿ ತನ್ನ ಅಜ್ಜಿಯ ಬಾಯಲ್ಲಿ ಕೇಳಿದ್ದಳು.

ಆ ಕಾಲದಲ್ಲಿ ಬಡವರಿಗೆ ನೆಲ ಸಿಗುತ್ತಿದ್ದದ್ದು ಮೂರು ಜೀವಗಳ ಗೇಣಿಯ ಮೇಲೆ. ಪಾಳು ಭೂಮಿಯಲ್ಲಿ ನೀನೇ ಕಲ್ಲು ಹೊತ್ತು ಮನೆ ಕಟ್ಟಿಕೋ, ಮೂವರ ಹೆಸರು ಹೇಳು; ಆ ಮೂವರಲ್ಲಿ ಕೊನೆಯವನು ಉಸಿರಾಡುವವರೆಗೆ ಮನೆ ನಿನ್ನದು, ಉಸಿರು ನಿಂತ ದಿನ ಜಮೀನ್ದಾರನದು. ಎಂಥ ಸುಸಂಸ್ಕೃತ ದರೋಡೆ! ಜೇನ್‌ಳ ಗಂಡ ತನ್ನ ಹೆಸರು, ಅಣ್ಣನ ಹೆಸರು ಹೇಳಿ, ಮೂರನೆಯದಾಗಿ, ಎಲ್ಲರಿಗಿಂತ ಹೆಚ್ಚು ಕಾಲ ಬಾಳುವನೆಂಬ ಎಣಿಕೆಯಲ್ಲಿ, ತೊಟ್ಟಿಲಲ್ಲಿದ್ದ ಕಿರಿಮಗನ ಹೆಸರು ಬರೆಸಿದ. ಆ ಮಗನೂ ಗಣಿಗೇ ಇಳಿಯಬೇಕಾದವನಲ್ಲವೆ; ಗಣಿಯ ಕೂಲಿಕಾರನಷ್ಟೇ ಮಾಡಬಲ್ಲ ತಪ್ಪು ಅದು. ಹಿರಿಯರಿಬ್ಬರ ಪುಪ್ಪುಸಗಳನ್ನು ಗಣಿಯ ಧೂಳು ತಿಂದಿತು. ಆ ಮಗ ಹದಿನಾರಕ್ಕೆ ಏಣಿಯಿಂದ ಜಾರಿ ಗಣಿಯೊಳಗೇ ಸತ್ತ. ಹೆಣ ಮನೆಯಲ್ಲಿರುವಾಗಲೇ, ಜಮೀನ್ದಾರನ ಪರವಾಗಿ ಬೀಗದ ಕೈ ಕೇಳಲು ಬಂದವನು ಕ್ಯಾಪ್ಟನ್ ಜೊಸಾಯ ಉರೆನ್. ಹಿರಿಮಗ ಮಿಷಿಗನ್ನಿಗೆ ಹೋದ. ಜೇನ್ ಅನಾಥರ ಮನೆಯಲ್ಲಿ ಸತ್ತು ಕಲ್ಲಿಲ್ಲದೆ ಚರ್ಚಿನ ಉತ್ತರದ ಗೋಡೆಯ ಬುಡ ಸೇರಿದಳು. ಈಗ ಅವಳ ಮರಿಮಗನನ್ನು ನಾವು ಆ ಕ್ಯಾಪ್ಟನ್ನನ ಕಾಲಬುಡದಲ್ಲಿ ಹೂಳಲು ಹೊರಟಿದ್ದೆವು.

ಹೊರಗೆ ಓಣಿಯಲ್ಲಿ ಹೆಟ್ಟಿ ಇದನ್ನು ಹೇಳಿದಾಗ ಸ್ಪಾರ್ಗೊ ಅವಳ ಕೋಟಿನ ತೋಳು ಹಿಡಿದುಕೊಂಡ. “ಹೆಟ್ಟಕ್ಕಾ, ನಿನ್ ದಮ್ಮಯ್ಯ. ಶುಕ್ರವಾರ ಆ ಮುದುಕಿ ವಿಮಾನ ಹತ್ತುತ್ತೆ. ನೆಮ್ಮದಿಯಾಗಿ ಹೋಗ್ಲಿ ಬಿಡು. ಬೂದಿಗೇನು ಗೊತ್ತಾಗತ್ತೆ?”

“ಬೂದಿಗೆ ಗೊತ್ತಾಗಲ್ಲ ಕಣೋ. ನನಗೆ ಗೊತ್ತಾಗತ್ತಲ್ಲ.”

“ಅವಳ ಎದೆ ಒಡೆದ್ರೆ ಹೊಣೆ ಯಾರು?”

“ಫೋಟೋ ಕಳಿಸಿದ್ದು ನಾನಾ, ನೀನಾ?”

ಗುರುವಾರ ಹೆಟ್ಟಿ ಎಲ್ಲರಿಗಿಂತ ಮೊದಲೇ ಬಂದು, ಆರ್ಡಿಸ್‌ಳನ್ನು ಚರ್ಚಿನ ಬಾಗಿಲ ಜಗುಲಿಯ ಮೇಲೆ ಕೂರಿಸಿಕೊಂಡು, ಏನನ್ನೂ ಮುಚ್ಚದೆ ಹೇಳಿದಳು. ಆರ್ಡಿಸ್ ಅಳಲಿಲ್ಲ. ಅವಳಿಗೆ ಬಂದದ್ದು ಸಿಟ್ಟು. “ವರ್ನನ್ ಈ ಕಲ್ಲಿನ ಫೋಟೋ ದಿಂಬಿನ ಪಕ್ಕ ಇಟ್ಕೊಂಡು ಸತ್ತ. ಅದನ್ನೂ ಕಿತ್ಕೊಂಡ್ರಲ್ಲ. ಇಷ್ಟು ದಿನ ಎಲ್ಲಿ ಹೋಗಿತ್ತು ನಿಮ್ಮ ಸತ್ಯ?”

ಹೆಟ್ಟಿ ದನಿ ತಗ್ಗಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು. “ನಿನ್ನೆವರೆಗೆ ನನಗೂ ಗೊತ್ತಿರ್ಲಿಲ್ಲ ತಾಯಿ. ಗೊತ್ತಾದ್ಮೇಲೆ, ಅವನ ಕಾಲಬುಡದಲ್ಲೇ ಮಲಗಿಸಿ ಅನ್ನೋಕೆ ನನ್ ನಾಲಿಗೆ ಹೊರಳ್ಲಿಲ್ಲ.”

“ಹಾಗಾದ್ರೆ ಅವಳೆಲ್ಲಿ? ತೋರ್ಸಿ.”

ಕೋಟಿನ ತೋಳು ಎತ್ತಿ ಹೆಟ್ಟಿ ತೋರಿಸಿದಳು. “ಆ ಮುಳ್ಳುಮರದಿಂದ ಗೋಡೆ ಮೂಲೆವರೆಗೆ. ಎಲ್ಲೋ ಒಂದು ಕಡೆ.”

“ಎಲ್ಲೋ ಅಂದ್ರೆ?”

ಸ್ಪಾರ್ಗೊ ಬೆವರುತ್ತ ನಡುವೆ ಬಂದು ಪಿಸುಗುಟ್ಟಿದ: “ಒಂದು ಜಾಗ ಹೇಳಿಬಿಡೇ ಮಾರಾಯ್ತಿ! ಇಲ್ಲೇ ಅಂದ್ರೆ ನಿನ್ ಗಂಟೇನು ಹೋಗತ್ತೆ?” ಒಂದು ದಿಬ್ಬದ ಕಡೆ ಬೆರಳು ತೋರಿಸಿದ್ದರೆ ಸಾಕಿತ್ತು, ಆರ್ಡಿಸ್ ನಂಬುತ್ತಿದ್ದಳು, ಪ್ರಾಯಶಃ ಕ್ಷಮಿಸುತ್ತಲೂ ಇದ್ದಳು. ಹೆಟ್ಟಿ ಉಸಿರನ್ನು ಒಳಕ್ಕೆಳೆದಳು. “ಎಲ್ಲೋ ಅಂದ್ರೆ ಎಲ್ಲೋ. ಬೆರಳಿಟ್ಟು ತೋರಿಸಿದ್ರೆ ಅದೂ ಒಂದು ಸುಳ್ಳಾಗತ್ತೆ.”

ಆರ್ಡಿಸ್ ಎದ್ದು ತುರುಚೆ ಗಿಡಗಳ ನಡುವೆ ಆ ಗೋಡೆಯ ಉದ್ದಕ್ಕೂ ಒಬ್ಬಳೇ ನಡೆದಳು. ಮೂಲೆ ಮುಟ್ಟಿ, ಕಾಲು ಕೆರೆದುಕೊಳ್ಳುತ್ತ ಹಿಂದಿರುಗಿ ಬಂದಳು. “ವರ್ನನ್ ಒಂದ್ ಕಡೆ ಕೂತ ಪ್ರಾಣಿಯಲ್ಲ. ಉದ್ದಕ್ಕೂ ಹಾಕಿ. ಯಾರ್ ಯಾರಿದ್ದಾರೋ, ಎಲ್ಲರ ಜೊತೆಗೂ ಇರ್ಲಿ.”

ಬೂದಿ ಚೆಲ್ಲಲು ನಿಯಮವಿಲ್ಲ, ನೆಲದೊಳಗೇ ಹೂಳಬೇಕು ಎಂದು ಪಾದ್ರಿಗಳು ತಡವರಿಸಿದರು. “ನೆಲದೊಳಗೇ ಹೋಗ್ತಾನೆ ಫಾದರ್” ಎಂದ ಹೆಟ್ಟಿ, ಉದ್ದ ಹಿಡಿಯ, ಚೂಪು ಮೂತಿಯ ನಮ್ಮ ಕಡೆಯ ಸನಿಕೆಯನ್ನು ತಂದು, ಮುಳ್ಳುಮರದ ಬುಡದಿಂದ ಗೋಡೆಯ ಮೂಲೆಯವರೆಗೆ, ಯಾವ ದಿಬ್ಬವನ್ನೂ ತುಳಿಯದಂತೆ, ಬೀಜ ಬಿತ್ತುವ ಸಾಲಿನಂಥ ಒಂದು ಗೆರೆ ಎಳೆದಳು. ಆರ್ಡಿಸ್ ಬಾಗಿ ಬಾಗಿ ತಮ್ಮನನ್ನು ಸುರಿದಳು. ಹೆಟ್ಟಿ ಹಿಂದಿನಿಂದ ಮಣ್ಣು ಎಳೆದಳು. ನಾವು ಹಾಡಿದೆವು. ಊರಿನಲ್ಲೆಲ್ಲ ಗಂಭೀರವಾದ ಕಂಠ ಸ್ಪಾರ್ಗೊನದು. ಅವನು ಹೆಟ್ಟಿಗೆ ಬೆನ್ನು ಹಾಕಿ ನಿಂತೇ ಹಾಡಿದ.

ಹೋಗುವಾಗ ಆರ್ಡಿಸ್ ಪಾದ್ರಿಗಳ ಕೈ ಕುಲುಕಿದಳು, ಸ್ಪಾರ್ಗೊನ ಕೆನ್ನೆಗೆ ಮುತ್ತಿಟ್ಟಳು. ಹೆಟ್ಟಿಯ ಕಡೆ ತಿರುಗಿ ಸುಮ್ಮನೆ ತಲೆಯಾಡಿಸಿದಳು. ಆ ಚಳಿಗಾಲವೆಲ್ಲ ಹೆಟ್ಟಿ ಅಂಚೆಯವನನ್ನು ಗೇಟಿನಲ್ಲೇ ಕಾಯುತ್ತಿದ್ದುದನ್ನು ನಾನು ಬಲ್ಲೆ. ಕಾರ್ಡು ಬರಲಿಲ್ಲ.

ಹಿರಿಯರನ್ನು ಹುಡುಕಿ ಬರುವವರಿಗೆ ಬೇಕಾದ್ದು ಸಾಂತ್ವನ, ಮತ್ತು ಅದನ್ನು ಹಂಚುವವರಿಗೆ ಯಾವ ಊರಿನಲ್ಲೂ ಬರವಿಲ್ಲ. ಅವರು ಕೆಟ್ಟವರಲ್ಲ, ನಗುಮುಖದವರು, ಚಹಾ ಕೊಡುವವರು. ಆದರೆ ಅವರ ಆ ಮೃದುತ್ವ ಪ್ರತಿ ಸಲವೂ ಕಲ್ಲಿದ್ದವನ ಕಡೆಗೇ ವಾಲುತ್ತದೆ, ಮನೆ ಕಿತ್ತುಕೊಂಡವನಿಗೇ ಮೊಮ್ಮಕ್ಕಳನ್ನೂ ಒಪ್ಪಿಸುತ್ತದೆ. ‘ಗೊತ್ತಿಲ್ಲ’ ಎನ್ನುವ ಒಣ ಮಾತನ್ನು ಜೀವ ಹೋದರೂ ಬಿಡದೆ ಹಿಡಿದುಕೊಳ್ಳುವವರು ಅಲ್ಲೊಬ್ಬರು ಇಲ್ಲೊಬ್ಬರು. ಅವರನ್ನು ಯಾರೂ ಪ್ರೀತಿಯಿಂದ ಊಟಕ್ಕೆ ಕರೆಯುವುದಿಲ್ಲ, ಯಾರೂ ಕಾಗದ ಬರೆಯುವುದಿಲ್ಲ. ಆದರೆ ಸತ್ತವರಲ್ಲಿ ಬಡವರಾದವರಿಗೆ ಈ ಭೂಮಿಯ ಮೇಲೆ ಬೇರೆ ಬಂಧುಗಳಿಲ್ಲ.